ಗಡಿಯಲ್ಲಿ ಬಾಳಿದ ಪೋಪ್: ಸಂತ 23ನೇ ಜಾನ್ ಮತ್ತು ನಮ್ಮ ಭಾಗದ ಧರ್ಮಸಭೆ

1956ರ ನವೆಂಬರ್ 1ರಂದು ನಿಜಾಮರ ಕಾಲದಿಂದ ಬಂದ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಬಂತು, ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಅದರ ಕೊಡಂಗಲ್ ಮತ್ತು ತಾಂಡೂರು ಆಂಧ್ರಕ್ಕೆ ಹೋದವು. ಮಹಬೂಬನಗರ ಜಿಲ್ಲೆಯೊಳಗಿದ್ದ ನಾರಾಯಣಪೇಟೆ, ಮಕ್ತಲ್ ಇದ್ದಲ್ಲೇ ಉಳಿದವು. ಮಹಬೂಬನಗರದಿಂದ ರಾಯಚೂರಿಗೆ ಹೋಗುವ ರಸ್ತೆಯ ಮೇಲಿನ ನಮ್ಮ ಮರಿಕಲ್ ಕೂಡ ಹಾಗೆಯೇ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆ-ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಇವೆರಡರ ಜೊತೆಗೆ ಉರ್ದು ಎನ್ನುವ ಬಾಳು ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ಕಾಯಂ ಆಯಿತು.

ಕಥೋಲಿಕ ಧರ್ಮಸಭೆಯ ನಕಾಶೆ ಅಷ್ಟು ಬೇಗ ಬದಲಾಗಲಿಲ್ಲ. ಗುಲಬರ್ಗಾ, ಬೀದರ್ ಕನ್ನಡ ನಾಡಿಗೆ ಸೇರಿ ದಶಕಗಳು ಕಳೆದರೂ ಅಲ್ಲಿಯ ಕಥೋಲಿಕರಿಗೆ ಹೈದರಾಬಾದಿನ ಮಹಾಧರ್ಮಾಧ್ಯಕ್ಷರೇ ಗುರುಗಳಾಗಿದ್ದರು. ಗುಲಬರ್ಗಾ ಪ್ರತ್ಯೇಕ ಧರ್ಮಕ್ಷೇತ್ರವಾದದ್ದು 2005ರ ಜೂನ್ 24ರಂದು. ಅಷ್ಟು ಹೊತ್ತಿಗೆ ರಾಜ್ಯಗಳ ಗಡಿ ಹಾಕಿ ಅರ್ಧ ಶತಮಾನವಾಗುತ್ತ ಬಂದಿತ್ತು. ರಾಯಚೂರು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿತು. ಹಳೆಯ ಮಹಬೂಬನಗರ ಜಿಲ್ಲೆ ಹೈದರಾಬಾದಿನ ಜೊತೆಯೇ ಇದೆ.

ಸಂತರಾದ ಪೋಪರೊಬ್ಬರ ಜೀವನವನ್ನು ಈ ಸಂಚಿಕೆಗೆ ಬರೆಯಬೇಕೆಂದಾಗ ಹಲವು ಹೆಸರುಗಳಿದ್ದವು. ಮಕ್ಕಳಿಗೆ ಎಳೆವಯಸ್ಸಿನಲ್ಲೇ ಪರಮಪ್ರಸಾದ ಕೊಡಿಸಿದ 10ನೇ ಪಯಸ್ ಇದ್ದಾರೆ. 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದ 6ನೇ ಪಾಲ್ ಇದ್ದಾರೆ. 1986ರ ಫೆಬ್ರವರಿ 6ರಂದು ಮಂಗಳೂರಿನಲ್ಲಿ ಕನ್ನಡಿಗರು ಕಣ್ಣಾರೆ ಕಂಡ 2ನೇ ಜಾನ್ ಪಾಲ್ ಇದ್ದಾರೆ. ಇವರನ್ನೆಲ್ಲ ಬಿಟ್ಟು, ನಮ್ಮ ದೇಶಕ್ಕೆ ಕಾಲಿಡದ 23ನೇ ಜಾನ್ ಅವರನ್ನು ನಾನು ಆರಿಸಿಕೊಂಡಿದ್ದೇನೆ. ಅವರು ತಮ್ಮ ನಡುವಯಸ್ಸಿನ ಇಪ್ಪತ್ತು ವರ್ಷಗಳನ್ನು ಕಥೋಲಿಕರು ಬೆರಳೆಣಿಕೆಯಷ್ಟಿರುವ, ಪರಭಾಷೆ ಪರಧರ್ಮಗಳ ನಡುವಿನ ಊರುಗಳಲ್ಲಿ ಕಳೆದವರು. ಗಡಿಯಲ್ಲಿ ಬಾಳುವುದು ಎಂಥದ್ದೆಂದು ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆಯಿಂದ ಅವರು ಮಾಡಿದ ಕೆಲಸ ನಮ್ಮ ಬಲಿಪೂಜೆಯ ಭಾಷೆಯವರೆಗೂ ಬಂದು ಮುಟ್ಟಿದೆ.

ಮೊದಲು ನಮ್ಮ ಭಾಗದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕೃಷ್ಣೆ-ತುಂಗಭದ್ರೆಯರ ನಡುವಿನ ದೋಆಬಿಗೆ ಕ್ರೈಸ್ತ ಧರ್ಮ ಬಂದದ್ದು ಬಿಜಾಪುರದ ಆದಿಲ್ ಶಾಹಿಗಳ ಕಾಲದಲ್ಲಿ. ಗೋವೆಯಿಂದ ಬಂದ ಮಿಷನರಿಗಳಿಂದ 16ನೇ ಶತಮಾನದಲ್ಲೇ ಮುದಗಲ್ಲಿನಲ್ಲಿ ಕಥೋಲಿಕರ ಕೇರಿಯೊಂದು ಬೆಳೆಯಿತು. 1851ರಲ್ಲಿ ಮದರಾಸಿನಿಂದ ಬೇರೆಯಾದ ಹೈದರಾಬಾದ್ ಮಿಷನ್ನಿಗೆ ಐರ್ಲೆಂಡಿನ ಡೇನಿಯಲ್ ಮರ್ಫಿ ಮುಖ್ಯಸ್ಥರಾದರು. 1855ರಿಂದ ಮಿಲಾನಿನ ಮಿಷನ್ ಸಂಘದ ಯಾಜಕರು ಬರತೊಡಗಿದರು. 1886ರಲ್ಲಿ ಹೈದರಾಬಾದ್ ಧರ್ಮಕ್ಷೇತ್ರವಾಯಿತು, 1953ರ ಸೆಪ್ಟೆಂಬರ್ 19ರಂದು ಮಹಾಧರ್ಮಕ್ಷೇತ್ರವಾಯಿತು. ಅದೇ ದಿನ ಬೆಂಗಳೂರಿಗೂ ಆ ಪದವಿ ಸಿಕ್ಕಿತು. ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ಪೋತಕಮೂರಿಯವರು ಗುಂಟೂರು ಸೀಮೆಯ ತೆಲುಗರು. ಕನ್ನಡ ರಾಜಧಾನಿಯ ಧರ್ಮಪೀಠದಲ್ಲಿ ತೆಲುಗು ಮನೆಯವರು ಕಾಲು ಶತಮಾನ ಕೂತಿದ್ದರು ಎಂಬುದನ್ನು ನಮ್ಮ ಗಡಿಯವರು ನೆನಪಿಡಬೇಕು. ಧರ್ಮಸಭೆಯೊಳಗೆ ಈ ಎರಡು ನುಡಿಗಳ ನಡುವಿನ ಗೋಡೆ ಎಂದೂ ಎತ್ತರವಾಗಿರಲಿಲ್ಲ.

ಆ ದಿನಗಳಲ್ಲಿ ಬಲಿಪೂಜೆ ಮಾತ್ರ ಎರಡೂ ನುಡಿಯಲ್ಲಿರಲಿಲ್ಲ. ಯಾಜಕರು ಪೀಠದ ಕಡೆ ಮುಖ ಮಾಡಿ ಲ್ಯಾಟಿನಿನಲ್ಲಿ ಪೂಜೆ ಅರ್ಪಿಸುತ್ತಿದ್ದರು, ಜನ ತಮ್ಮಷ್ಟಕ್ಕೆ ಜಪಸರ ಹೇಳುತ್ತಲೋ ತಮ್ಮ ನುಡಿಯ ಹಾಡು ಹಾಡುತ್ತಲೋ ಇರುತ್ತಿದ್ದರು. ಶುಭಸಂದೇಶವನ್ನು ಪ್ರಬೋಧನೆಗೆ ಮೊದಲು ಊರ ನುಡಿಯಲ್ಲಿ ಮತ್ತೊಮ್ಮೆ ಓದುವ ರೂಢಿ ಇತ್ತು. ಉಪದೇಶಿಗಳು ಹಳ್ಳಿಗಳಲ್ಲಿ ಪ್ರಾರ್ಥನೆಗಳನ್ನು ತಾಯಿನುಡಿಯಲ್ಲೇ ಕಲಿಸುತ್ತಿದ್ದರು. ಆದರೂ ಪೂಜೆಯ ನಡುವಿನ ಮಾತುಗಳು, ದೇವರ ಮುಂದೆ ನಿಂತು ಸಭೆಯೆಲ್ಲ ಕೂಡಿ ಆಡಬೇಕಾದ ಮಾತುಗಳು, ಜನರ ಕಿವಿಗೆ ಬೀಳುತ್ತಿದ್ದವೇ ಹೊರತು ಅವರ ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ಕಡೆಗೆ ಬಂದ ಆ ಮಿಲಾನ್ ಯಾಜಕರ ಸೀಮೆಯಲ್ಲೇ, ಮಿಲಾನಿನಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಬೆರ್ಗಾಮೊ ಪ್ರಾಂತದ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ, 1881ರ ನವೆಂಬರ್ 25ರಂದು ಮುಂದೆ 23ನೇ ಜಾನ್ ಆದ ಆಂಜೆಲೊ ಜುಸೆಪ್ಪೆ ರೊಂಕಾಲ್ಲಿ ಹುಟ್ಟಿದರು. ತಂದೆ ಜೊವಾನ್ನಿ ಬತ್ತಿಸ್ತಾ, ತಾಯಿ ಮರಿಯಾನ್ನಾ. ಹೊಲ ಅವರದಲ್ಲ, ಜಮೀನುದಾರರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು, ಬೆಳೆದದ್ದರಲ್ಲಿ ಅರ್ಧ ಧಣಿಗೆ ಹೋಗುತ್ತಿತ್ತು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲ ಒಂದೇ ಸೂರಿನಡಿ ಇದ್ದ ಅವಿಭಕ್ತ ಕುಟುಂಬ ಅದು. ಹುಟ್ಟಿದ ದಿನವೇ ಸಂಜೆ ಮಳೆಯಲ್ಲೇ ಮಗುವನ್ನು ಊರ ದೇವಾಲಯಕ್ಕೆ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸಿದರು. ಪಾಲುಗಾರಿಕೆಯ ಕಷ್ಟ ನಮ್ಮ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಮಗು ಮುಂದೆ ಪೋಪ್ ಆದ ಮೇಲೂ ಅವರ ತಮ್ಮಂದಿರು ಅದೇ ಊರಿನಲ್ಲಿ ಬೇಸಾಯ ಮಾಡಿಕೊಂಡೇ ಇದ್ದರು. 1961ರ ಡಿಸೆಂಬರಿನಲ್ಲಿ ಮನೆಯವರಿಗೆ ಬರೆದ ಪತ್ರದಲ್ಲಿ ಪೋಪ್, ಬಡತನದಲ್ಲಿ ಮರ್ಯಾದೆಯಿಂದ ಬಾಳುವುದನ್ನು ಬಿಡಬೇಡಿ ಎಂದು ಕೇಳಿಕೊಂಡರು. ತಮ್ಮ ಪದವಿಯಿಂದ ಬಂಧುಗಳಿಗೆ ಯಾವ ಆಸ್ತಿಯನ್ನೂ ಅವರು ಮಾಡಿಕೊಡಲಿಲ್ಲ.

ಹನ್ನೊಂದರ ವಯಸ್ಸಿಗೆ ಬೆರ್ಗಾಮೊದ ಗುರುಮಠ ಸೇರಿದ ಹುಡುಗ 1895ರಿಂದ ಆತ್ಮಪರೀಕ್ಷೆಯ ದಿನಚರಿ ಬರೆಯತೊಡಗಿದರು. ಬದುಕಿನ ಕೊನೆಯವರೆಗೂ ನಡೆಸಿಕೊಂಡು ಬಂದ ಆ ಬರವಣಿಗೆ ಅವರ ಮರಣದ ಬಳಿಕ ಪುಸ್ತಕವಾಗಿ ಬಂತು. 1904ರ ಆಗಸ್ಟ್ 10ರಂದು ರೋಮಿನಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷದಿಂದ ಬೆರ್ಗಾಮೊದ ಧರ್ಮಾಧ್ಯಕ್ಷ ರಾದಿನಿ ತೆದೆಸ್ಕಿ ಅವರ ಕಾರ್ಯದರ್ಶಿಯಾಗಿ ಒಂಬತ್ತು ವರ್ಷ ದುಡಿದರು. ಈ ಧರ್ಮಾಧ್ಯಕ್ಷರಿಂದ ರೊಂಕಾಲ್ಲಿ ಕಲಿತದ್ದು ಬಹಳ. 1909ರಲ್ಲಿ ಬೆರ್ಗಾಮೊ ಹತ್ತಿರದ ರಾನಿಕಾದ ಜವಳಿ ಗಿರಣಿಯಲ್ಲಿ ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ಮುಷ್ಕರ ಹೂಡಿದರು. ವಾರಗಟ್ಟಲೆ ಕೂಲಿಯಿಲ್ಲದೆ ಕೂತ ಮನೆಗಳಿಗೆ ಧರ್ಮಾಧ್ಯಕ್ಷರು ತಾವೇ ಹಣ ಕೊಟ್ಟರು, ನಿಧಿ ಕೂಡಿಸಿದರು. ಸಿರಿವಂತರು ಸಿಟ್ಟಾಗಿ ರೋಮಿಗೆ ದೂರು ಬರೆದರು. ಕಾರ್ಯದರ್ಶಿ ರೊಂಕಾಲ್ಲಿ ತಮ್ಮ ಗುರುಗಳ ಪರವಾಗಿ ಬರೆದರು, ಮಾತನಾಡಿದರು. ಮಗ್ಗದ ಊರಾದ ನಾರಾಯಣಪೇಟೆಯ ಪಕ್ಕದಲ್ಲಿರುವ ನಮಗೆ ಈ ಘಟನೆಯ ತೂಕ ಬೇಗ ಅರ್ಥವಾಗುತ್ತದೆ. 1961ರಲ್ಲಿ ಪೋಪ್ ಆಗಿ ದುಡಿಯುವವರ ನ್ಯಾಯದ ಬಗ್ಗೆ, ರೈತರ ಬವಣೆಯ ಬಗ್ಗೆ ಹೊರಡಿಸಿದ 'ಮಾತೆರ್ ಎತ್ ಮಜಿಸ್ತ್ರಾ' ಎಂಬ ಪತ್ರದ ಬೇರು ರಾನಿಕಾದ ಗಿರಣಿಯಲ್ಲೂ ಸೊತ್ತೊ ಇಲ್ ಮೊಂತೆಯ ಹೊಲದಲ್ಲೂ ಇದೆ ಎಂದು ನನ್ನ ನಂಬಿಕೆ.

ಮೊದಲ ಮಹಾಯುದ್ಧದಲ್ಲಿ ಸೈನಿಕ ಆಸ್ಪತ್ರೆಯಲ್ಲಿ ಸಾರ್ಜೆಂಟ್ ಆಗಿ, ಆಮೇಲೆ ಯಾಜಕರಾಗಿ ಗಾಯಾಳುಗಳ ಸೇವೆ ಮಾಡಿದರು. 1921ರಲ್ಲಿ ರೋಮಿನಿಂದ ಕರೆ ಬಂತು: ಇಟಲಿಯ ಊರೂರಿನಲ್ಲಿ ಮಿಷನ್ ಕೆಲಸಕ್ಕಾಗಿ ಹಣ ಕೂಡಿಸುವ ವ್ಯವಸ್ಥೆಯ ಹೊಣೆ. ಹೈದರಾಬಾದಿನಲ್ಲಿ ಆಗ ಮಿಲಾನ್ ಸಂಘದ ವಿಸ್ಮರಾ ಧರ್ಮಾಧ್ಯಕ್ಷರಾಗಿದ್ದರು. 1909ರಿಂದ 1948ರವರೆಗೆ ಅವರದೇ ಕಾಲ. ದೂರದ ಮಿಷನ್‌ಗಳು ಇಟಲಿಯ ಬಡ ಮನೆಗಳ ಚಿಲ್ಲರೆ ಕಾಸಿನ ಮೇಲೆ ನಡೆಯುತ್ತಿದ್ದ ಕಾಲ ಅದು. ರೊಂಕಾಲ್ಲಿ ಊರೂರು ತಿರುಗಿ ಆ ಕಾಸನ್ನು ಒಂದುಗೂಡಿಸಿದರು.

ಅವರ ಬದುಕಿನ ತಿರುವು ಬಂದದ್ದು 1925ರಲ್ಲಿ. ಮಾರ್ಚ್ 19ರಂದು ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟು ಅವರನ್ನು ಪೋಪರ ಪ್ರತಿನಿಧಿಯಾಗಿ ಬಲ್ಗೇರಿಯಾಕ್ಕೆ ಕಳುಹಿಸಿದರು. ಅಲ್ಲಿ ಕಥೋಲಿಕರು ಅರವತ್ತು ಸಾವಿರದ ಆಸುಪಾಸು, ಉಳಿದ ಕ್ರೈಸ್ತರಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಸಭೆಯವರು. ಎರಡೂ ಸಭೆಗಳ ನಡುವೆ ಒಂಬೈನೂರು ವರ್ಷಗಳ ಮುನಿಸು. ಅವರು ಸೋಫಿಯಾ ತಲುಪುವ ಕೆಲವೇ ದಿನ ಮೊದಲು, ಏಪ್ರಿಲ್ 16ರಂದು, ಅಲ್ಲಿಯ ಆರ್ಥೊಡಾಕ್ಸ್ ಪ್ರಧಾನಾಲಯದಲ್ಲಿ ಬಾಂಬ್ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಹೊಸ ಪ್ರತಿನಿಧಿ ಆಸ್ಪತ್ರೆಗಳಿಗೆ ಹೋಗಿ ಗಾಯಾಳುಗಳನ್ನು ನೋಡಿದರು; ಯಾವ ಸಭೆಯವರೆಂದು ಕೇಳಲಿಲ್ಲ. ಕುದುರೆಗಾಡಿಯಲ್ಲಿ, ಹೇಸರಗತ್ತೆಯ ಮೇಲೆ ಕೂತು ಗುಡ್ಡಗಾಡಿನ ಹಳ್ಳಿಗಳಿಗೆ ಹೋದರು. ಬಲ್ಗೇರಿಯನ್ ಕಲಿತರು. 1928ರ ಭೂಕಂಪದಲ್ಲಿ ಸೂರು ಕಳೆದುಕೊಂಡವರ ನಡುವೆ ಓಡಾಡಿ ನೆರವು ಹಂಚಿದರು. ಹತ್ತು ವರ್ಷ ಅವರಿಗೆ ಅಲ್ಲಿ ದೊಡ್ಡ ಗೆಲುವು ಎನ್ನುವಂಥದ್ದೇನೂ ಸಿಗಲಿಲ್ಲ. ರೋಮಿನ ಕಚೇರಿಗಳು ತಮ್ಮ ಮಾತು ಕೇಳುವುದಿಲ್ಲವೆಂಬ ನೋವನ್ನು ಅವರು ದಿನಚರಿಯಲ್ಲಿ ಮುಚ್ಚಿಟ್ಟಿಲ್ಲ. ದೊಡ್ಡ ಊರುಗಳ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೆಲಸ ಮಾಡುವವರ ದಣಿವು ಅದು. ಆ ಪುಟಗಳನ್ನು ಓದುವಾಗ ನಮ್ಮ ಹಳ್ಳಿಗಳಲ್ಲಿ ಜೀವ ಸವೆಸಿದ ಉಪದೇಶಿಗಳೂ ಕನ್ಯಾಸ್ತ್ರೀಯರೂ ನೆನಪಾಗುತ್ತಾರೆ.

1935ರ ಆರಂಭದಲ್ಲಿ ಇಸ್ತಾಂಬುಲಿಗೆ ವರ್ಗ. ತುರ್ಕಿಯಲ್ಲಿ ಅದು ಕೆಮಾಲ್ ಅತಾತುರ್ಕ್ ಅವರ ಸುಧಾರಣೆಗಳ ಕಾಲ. ಯಾವ ಧರ್ಮದ ಗುರುವೂ ಬೀದಿಯಲ್ಲಿ ಧಾರ್ಮಿಕ ಉಡುಪು ತೊಡಬಾರದೆಂಬ ಕಾನೂನು ಅದೇ ವರ್ಷ ಜಾರಿಗೆ ಬಂತು. ಹಲವರು ಅವಮಾನವೆಂದರು. ರೊಂಕಾಲ್ಲಿ ಕೋಟು-ಪ್ಯಾಂಟು ತೊಟ್ಟು ಹೊರಟರು. ನಿಲುವಂಗಿಗಾಗಿ ಸರ್ಕಾರದೊಡನೆ ಜಗಳವಾಡುವುದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಅವರಿಗೆ ದೊಡ್ಡದಾಗಿ ಕಂಡದ್ದು ಬೇರೆ. ಇಸ್ತಾಂಬುಲಿನ ಕಥೋಲಿಕರಲ್ಲಿ ಹೆಚ್ಚಿನವರು ಇಟಲಿ, ಫ್ರಾನ್ಸ್ ಮೂಲದ ಕುಟುಂಬದವರು. ದೇವಾಲಯದಲ್ಲಿ ಲ್ಯಾಟಿನ್, ಫ್ರೆಂಚ್ ಕೇಳುತ್ತಿತ್ತು. ನೆಲದ ನುಡಿಯಾದ ತುರ್ಕಿ ಕೇಳುತ್ತಿರಲಿಲ್ಲ. 1936ರ ಜನವರಿಯಲ್ಲಿ ಪವಿತ್ರಾತ್ಮರ ಪ್ರಧಾನಾಲಯದಲ್ಲಿ ದೇವಸ್ತುತಿಯ ಪ್ರಾರ್ಥನೆಯನ್ನು ಅವರು ತುರ್ಕಿ ಭಾಷೆಯಲ್ಲಿ ಹೇಳಿಸಿದರು. ಕೆಲವರು ಅಸಮಾಧಾನದಿಂದ ಎದ್ದು ಹೊರನಡೆದರು. ಅವರು ಹಿಂಜರಿಯಲಿಲ್ಲ. ತಾವು ಅತಿಥಿಯಾಗಿರುವ ನಾಡಿನ ಜನರ ನುಡಿಯಲ್ಲಿ ದೇವರನ್ನು ಹೊಗಳುವುದು ಆ ಜನರಿಗೆ ಸಲ್ಲಬೇಕಾದ ಮರ್ಯಾದೆ ಎಂದು ಅವರಿಗೆ ಖಚಿತವಾಗಿತ್ತು.

ಈ ಒಂದು ಘಟನೆಯ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದೇನೆ. ಅವರು ಮುಂದೆ ಪೋಪ್ ಆಗಿ ಕರೆದ, ಲೋಕದ ಎಲ್ಲ ಧರ್ಮಾಧ್ಯಕ್ಷರ ಮಹಾಸಭೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರೋಮಿನಿಂದ ಶುರುಮಾಡುತ್ತಾರೆ. ಬಲಿಪೂಜೆಗೆ ಜನರ ನುಡಿ ಬಂದ ಕಥೆಯನ್ನು ಇಸ್ತಾಂಬುಲಿನ ಆ ದಿನದಿಂದ ಶುರುಮಾಡಿದರೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಪಸಂಖ್ಯಾತರ ಗುಂಪು ತನ್ನ ಭಾಷೆಯನ್ನು ಕೋಟೆಯಾಗಿ ಕಟ್ಟಿಕೊಂಡು ಒಳಗೆ ಕೂತರೆ ಏನಾಗುತ್ತದೆ ಎಂಬುದನ್ನು ಅವರು ಅಲ್ಲಿ ಕಂಡಿದ್ದರು. 1944ರ ಪೆಂತೆಕೋಸ್ತ ಹಬ್ಬದ ಪ್ರಬೋಧನೆಯಲ್ಲಿ ಇದನ್ನೇ ಬಿಚ್ಚಿ ಹೇಳಿದರು: ನೆರೆಯ ಆರ್ಥೊಡಾಕ್ಸರು, ಪ್ರೊಟೆಸ್ಟೆಂಟರು, ಯೆಹೂದ್ಯರು, ಮುಸ್ಲಿಮರಿಂದ ನಾವೇ ಬೇರೆ ಎಂದುಕೊಳ್ಳಲು ಕಾರಣಗಳು ಬೇಕಾದಷ್ಟು ಸಿಗುತ್ತವೆ, ಆದರೆ ಶುಭಸಂದೇಶದ ಬೆಳಕಿನಲ್ಲಿ ಅವು ನಿಲ್ಲುವುದಿಲ್ಲ ಎಂದು.

ಯುದ್ಧಕಾಲದಲ್ಲಿ ಈ ಮಾತು ಕೃತಿಯಾಯಿತು. ಜರ್ಮನ್ ಹಿಡಿತದಿಂದ ತಪ್ಪಿಸಿಕೊಂಡು ಪ್ಯಾಲೆಸ್ಟೈನಿಗೆ ಹೋಗಲು ಯೆಹೂದ್ಯರಿಗೆ ಇಸ್ತಾಂಬುಲ್ ಹಾದಿಯಾಗಿತ್ತು. ಅಲ್ಲಿದ್ದ ಯೆಹೂದ್ಯ ಸಂಸ್ಥೆಯ ಪ್ರತಿನಿಧಿ ಖಾಯಿಮ್ ಬಾರ್ಲಾಸ್ ಜೊತೆ ಕೂಡಿ ರೊಂಕಾಲ್ಲಿ ಪ್ರಯಾಣದ ಕಾಗದಪತ್ರಗಳನ್ನು ಹಂಗೇರಿಯಂಥ ದೇಶಗಳಿಗೆ ದಾಟಿಸಿದರು. ಬಲ್ಗೇರಿಯಾದ ದೊರೆ ಬೋರಿಸರಿಗೆ ಪತ್ರ ಬರೆದರು. ಗ್ರೀಸ್ ಕೂಡ ಅವರ ಹೊಣೆಯಲ್ಲೇ ಇತ್ತು. 1941-42ರಲ್ಲಿ ಅಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದಾಗ, ಸಮುದ್ರದ ದಿಗ್ಬಂಧನ ಸಡಿಲಿಸಿ ಧಾನ್ಯ ಬರಲು ಬಿಡುವಂತೆ ಮಾಡಲು ವ್ಯಾಟಿಕನ್ನಿನ ಮೂಲಕ ಪ್ರಯತ್ನಿಸಿದರು. ಆ ಗ್ರೀಕರಲ್ಲಿ ಕಥೋಲಿಕರು ತೀರ ಕಡಿಮೆ.

ಪ್ಯಾರಿಸ್ ಮತ್ತು ವೆನಿಸಿನ ವರ್ಷಗಳನ್ನು ಬೇಗ ದಾಟುತ್ತೇನೆ. 1944ರ ಕೊನೆಗೆ ವ್ಯಾಟಿಕನ್ನಿನ ರಾಯಭಾರಿಯಾಗಿ ಪ್ಯಾರಿಸಿಗೆ ಹೋದರು. ನಾಜಿಗಳ ಕೈಗೊಂಬೆ ಸರ್ಕಾರಕ್ಕೆ ಒಲಿದಿದ್ದರೆಂದು ಹತ್ತಾರು ಧರ್ಮಾಧ್ಯಕ್ಷರನ್ನು ತೆಗೆಯಬೇಕೆಂದು ದ ಗೋಲ್ ಸರ್ಕಾರ ಹಟ ಹಿಡಿದಿತ್ತು. ರೊಂಕಾಲ್ಲಿ ತಾಳ್ಮೆಯಿಂದ ಮಾತುಕತೆ ನಡೆಸಿ ಆ ಸಂಖ್ಯೆಯನ್ನು ಕೆಲವರಿಗೆ ಇಳಿಸಿದರು. 1953ರಲ್ಲಿ ಕಾರ್ಡಿನಲ್ ಆದರು, ವೆನಿಸಿನ ಪೇತ್ರಿಯಾರ್ಕ್ ಆದರು. ವಯಸ್ಸು ಎಪ್ಪತ್ತೊಂದು ದಾಟಿತ್ತು. ಇಲ್ಲಿಯೇ ಮಣ್ಣಾಗುವೆನೆಂದು ಅವರೂ ಅಂದುಕೊಂಡಿದ್ದರು.

1958ರ ಅಕ್ಟೋಬರ್ 28ರಂದು, ಎಪ್ಪತ್ತೇಳಕ್ಕೆ ಒಂದು ತಿಂಗಳಿರುವಾಗ, ಕಾರ್ಡಿನಲರು ಅವರನ್ನು ಪೋಪ್ ಆಗಿ ಆರಿಸಿದರು. ತಂದೆಯ ಹೆಸರೂ ದೀಕ್ಷಾಸ್ನಾನ ಪಡೆದ ದೇವಾಲಯದ ಸಂತರ ಹೆಸರೂ ಆಗಿದ್ದ ಜಾನ್ ಎಂಬುದನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು. ಮುದುಕರು, ನಾಲ್ಕು ದಿನ ಸುಮ್ಮನೆ ಕೂತು ಹೋಗುತ್ತಾರೆ ಎಂದು ಹಲವರು ಎಣಿಸಿದ್ದರು. ಅದೇ ಕ್ರಿಸ್ಮಸ್‌ಗೆ ಅವರು ರೋಮಿನ ಮಕ್ಕಳ ಆಸ್ಪತ್ರೆಗೆ ಹೋದರು, ಮರುದಿನ ರೆಜಿನಾ ಚೇಲಿ ಜೈಲಿಗೆ ಹೋಗಿ ಕೈದಿಗಳ ನಡುವೆ ನಿಂತರು. 1960ರಲ್ಲಿ ಆಫ್ರಿಕಾದ ಕಪ್ಪು ಜನರಿಂದ, ಜಪಾನ್, ಫಿಲಿಪ್ಪೀನ್ಸ್‌ಗಳಿಂದ ಮೊದಲ ಕಾರ್ಡಿನಲರನ್ನು ಮಾಡಿದರು.

1959ರ ಜನವರಿ 25ರಂದು ರೋಮಿನ ಸಂತ ಪಾಲರ ಮಹಾದೇವಾಲಯದಲ್ಲಿ ಹದಿನೇಳು ಕಾರ್ಡಿನಲರ ಮುಂದೆ, ಲೋಕದ ಎಲ್ಲ ಧರ್ಮಾಧ್ಯಕ್ಷರ ಮಹಾಸಭೆ ಕರೆಯುತ್ತೇನೆಂದು ಹೇಳಿದರು. ಪಟ್ಟಕ್ಕೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಇಂಥ ಸಭೆ ಅದಕ್ಕೆ ಮೊದಲು ನಡೆದದ್ದು 1869-70ರಲ್ಲಿ. ಯಾವ ವಿಷಯ ಚರ್ಚಿಸಬೇಕೆಂದು ಎಲ್ಲ ಧರ್ಮಾಧ್ಯಕ್ಷರಿಗೂ ಕಾಗದ ಹೋಯಿತು. ಎರಡು ಸಾವಿರಕ್ಕೂ ಹೆಚ್ಚು ಉತ್ತರ ಬಂದವು. 1962ರ ಅಕ್ಟೋಬರ್ 11ರಂದು ಮಹಾಸಭೆ ಆರಂಭವಾಯಿತು. ಹೈದರಾಬಾದಿನ ಜೋಸೆಫ್ ಮಾರ್ಕ್ ಗೋಪು, ಬೆಂಗಳೂರಿನ ಪೋತಕಮೂರಿ ಅವರ ತಲೆಮಾರಿನ ಭಾರತದ ಧರ್ಮಾಧ್ಯಕ್ಷರಿಗೆ ಲೋಕದ ಧರ್ಮಸಭೆಯ ತೀರ್ಮಾನದಲ್ಲಿ ಪಾಲು ಸಿಕ್ಕಿದ್ದು ಅಲ್ಲಿ.

ಮಹಾಸಭೆ ಮೊದಲು ಕೈಗೆತ್ತಿಕೊಂಡ ವಿಷಯವೇ ಆರಾಧನೆ. ಅಕ್ಟೋಬರ್ 22ರಂದು ಚರ್ಚೆ ಶುರುವಾಯಿತು. ಲ್ಯಾಟಿನ್ ಬಿಟ್ಟರೆ ಧರ್ಮಸಭೆಯ ಒಗ್ಗಟ್ಟು ಒಡೆಯುತ್ತದೆಂದು ಒಂದು ಪಕ್ಷ. ಜನರಿಗೆ ತಿಳಿಯದ ಪೂಜೆ ಜನರ ಪೂಜೆ ಹೇಗಾದೀತು ಎಂದು ಇನ್ನೊಂದು ಪಕ್ಷ. ಏಷ್ಯಾ, ಆಫ್ರಿಕಾಗಳಲ್ಲಿ ದುಡಿದವರು ಹೆಚ್ಚಾಗಿ ಎರಡನೆಯ ಕಡೆಗಿದ್ದರು. ನವೆಂಬರ್ 14ರಂದು ಕರಡನ್ನು ತಾತ್ವಿಕವಾಗಿ ಒಪ್ಪಲು ಮತ ಹಾಕಿದಾಗ ಪರವಾಗಿ 2,162, ವಿರುದ್ಧವಾಗಿ 46 ಬಂದವು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಅದೇ 1962ರ ಫೆಬ್ರವರಿಯಲ್ಲಿ ಪೋಪ್ ಜಾನ್ ಅವರೇ ಸಹಿ ಮಾಡಿದ ಒಂದು ಪತ್ರ, ಗುರುಮಠಗಳ ಪಾಠ ಲ್ಯಾಟಿನಿನಲ್ಲೇ ನಡೆಯಬೇಕೆಂದು ಹೇಳಿತ್ತು. ಲ್ಯಾಟಿನಿನ ಮೇಲೆ ಅವರಿಗಿದ್ದ ಪ್ರೀತಿ ನಿಜವಾದದ್ದು. ಹನ್ನೊಂದನೇ ವಯಸ್ಸಿನಿಂದ ಅವರು ಪ್ರಾರ್ಥಿಸಿದ ನುಡಿ ಅದು. ತಮಗೆ ಪ್ರಿಯವಾದದ್ದನ್ನು ಸಭೆಯ ಮೇಲೆ ಹೇರದೆ, ಮುಕ್ತವಾಗಿ ಚರ್ಚೆಯಾಗಲು ಬಿಟ್ಟದ್ದೇ ನನ್ನ ಮಟ್ಟಿಗೆ ಅವರ ದೊಡ್ಡತನ. ಸಭೆ ನಡೆಯುವಾಗ ಅವರು ತಮ್ಮ ಕೋಣೆಯಲ್ಲಿ ದೂರದರ್ಶನದ ಮೇಲೆ ನೋಡುತ್ತಿದ್ದರು, ತೀರ ಅಗತ್ಯ ಬಿದ್ದಾಗಷ್ಟೇ ನಡುವೆ ಬಂದರು. ಹೊಟ್ಟೆಯ ಕ್ಯಾನ್ಸರ್ ಇದೆ ಎಂದು ವೈದ್ಯರು ಆಗಲೇ ತಿಳಿಸಿದ್ದರು. ಆರಾಧನೆಯ ಶಾಸನ 1963ರ ಡಿಸೆಂಬರ್ 4ರಂದು 2,147 ಮತಗಳಿಂದ, ನಾಲ್ಕೇ ವಿರೋಧದೊಂದಿಗೆ ಅಂಗೀಕಾರವಾದಾಗ ಅವರು ಇರಲಿಲ್ಲ. ಅದಕ್ಕೆ ಮುದ್ರೆ ಒತ್ತಿದವರು 6ನೇ ಪಾಲ್.

ಮಹಾಸಭೆ ಆರಂಭವಾಗಿ ಎರಡು ವಾರದೊಳಗೆ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದು ನಿಂತವು. ಅಕ್ಟೋಬರ್ 25ರಂದು ಪೋಪ್ ರೇಡಿಯೋದಲ್ಲಿ ಎರಡೂ ಕಡೆಯವರನ್ನು ಮಾತುಕತೆಗೆ ಬೇಡಿಕೊಂಡರು. ಆ ಆತಂಕದಿಂದ ಹುಟ್ಟಿದ್ದು 1963ರ ಏಪ್ರಿಲ್ 11ರ 'ಪಾಚೆಮ್ ಇನ್ ತೆರಿಸ್'. ಸದ್ಭಾವನೆಯುಳ್ಳ ಎಲ್ಲ ಮನುಷ್ಯರಿಗೂ ಎಂದು ವಿಳಾಸ ಹಾಕಿದ ಆ ಪತ್ರವನ್ನು ಶಾಂತಿಯ ಪತ್ರವೆಂದು ಲೋಕವೆಲ್ಲ ಓದಿತು. ಅದರ ಒಳಗೆ ಗಡಿಯವರಾದ ನಾವು ಬೇರೆಯಾಗಿಯೇ ಓದಬೇಕಾದ ಒಂದು ಭಾಗವಿದೆ. ದೇಶ-ರಾಜ್ಯಗಳ ಗೆರೆಗಳು ಜನಾಂಗಗಳ ಗೆರೆಗಳೊಡನೆ ಎಲ್ಲ ಕಡೆಯೂ ಕೂಡಿ ಬರಲಾರವು, ಹಾಗಾಗಿ ಪ್ರತಿ ನಾಡಿನೊಳಗೂ ಅಲ್ಪಸಂಖ್ಯಾತ ಗುಂಪುಗಳು ಉಳಿಯುತ್ತವೆ ಎಂದು ಪೋಪ್ ಅಲ್ಲಿ ಹೇಳುತ್ತಾರೆ. ಆ ಗುಂಪುಗಳ ಬಾಳನ್ನು ಅದುಮುವುದು ಅನ್ಯಾಯ. ಅವರ ಭಾಷೆ, ಸಂಸ್ಕೃತಿ, ಕಸುಬುಗಳು ಬೆಳೆಯಲು ಸರ್ಕಾರ ನೆರವಾಗಬೇಕು. ಅದೇ ಉಸಿರಿನಲ್ಲಿ ಆ ಗುಂಪುಗಳಿಗೂ ಒಂದು ಮಾತಿದೆ: ತಮ್ಮತನವನ್ನು ಅತಿಯಾಗಿ ಎತ್ತಿ ಹಿಡಿದು ನೆರೆಯವರಿಂದ ದೂರವಾಗಬಾರದು, ಎರಡು ಸಂಸ್ಕೃತಿಗಳ ನಡುವೆ ಬಾಳುವುದರಲ್ಲಿ ಇರುವ ಲಾಭವನ್ನು ಕಾಣಬೇಕು, ಸೇತುವೆಯಾಗಬೇಕು. ಬಲ್ಗೇರಿಯಾ, ತುರ್ಕಿ, ಗ್ರೀಸುಗಳಲ್ಲಿ ಇಪ್ಪತ್ತು ವರ್ಷ ಬಾಳದವರ ಕೈಯಿಂದ ಈ ಎರಡೂ ಮಾತು ಒಟ್ಟಿಗೆ ಬರುತ್ತಿರಲಿಲ್ಲ. ಹಕ್ಕು ಕೇಳುವವರು ಮೊದಲನೆಯದನ್ನು ಹಿಡಿಯುತ್ತಾರೆ, ಆಳುವವರು ಎರಡನೆಯದನ್ನು. ಮರಿಕಲ್, ಮಕ್ತಲ್, ಗದ್ವಾಲಗಳ ಕನ್ನಡಿಗರಿಗೆ ಎರಡೂ ಬೇಕು.

ಆ ಪತ್ರ ಹೊರಬಂದು ಎರಡು ತಿಂಗಳೂ ಆಗಿರಲಿಲ್ಲ, ಜೂನ್ 3ರ ಸಂಜೆ ಅವರು ತೀರಿಕೊಂಡರು.

ಮಹಾಸಭೆಯ ತೀರ್ಮಾನಗಳು ನಮ್ಮ ಕಡೆ ಬಂದ ಹಾದಿಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. 1967ರಲ್ಲಿ ಭಾರತದ ಧರ್ಮಾಧ್ಯಕ್ಷರು ಅಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವನ್ನು ತೆರೆದರು. ಅದನ್ನು ಕಟ್ಟಿದವರು ಫಾದರ್ ಡಿ. ಎಸ್. ಅಮಲೋರ್ಪವದಾಸ್. 1969ರ ಏಪ್ರಿಲ್ 25ರಂದು ರೋಮ್ ಭಾರತದ ಬಲಿಪೂಜೆಗೆ ಹನ್ನೆರಡು ಬದಲಾವಣೆಗಳನ್ನು ಒಪ್ಪಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಪೀಠಕ್ಕೆ ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ, ಆರತಿ, ಹೆಗಲ ಮೇಲೆ ಶಾಲು: ಇವೆಲ್ಲ ಅಲ್ಲಿಂದ ಬಂದವು. ವಿರೋಧವೂ ಜೋರಾಗಿಯೇ ಬಂತು. ಇದು ಹಿಂದೂ ಪೂಜೆಯಾಯಿತು ಎಂದು ಕೆಲವರು ಪತ್ರಿಕೆಗಳಲ್ಲಿ ಬರೆದರು. ಇಸ್ತಾಂಬುಲಿನಲ್ಲಿ ತುರ್ಕಿ ಪ್ರಾರ್ಥನೆ ಕೇಳಿ ಎದ್ದು ಹೋದವರನ್ನು ಬಲ್ಲವರಿಗೆ ಇದು ಹೊಸದಲ್ಲ. ಇಂದು ಕನ್ನಡದ, ತೆಲುಗಿನ ದೇವಾಲಯಗಳಲ್ಲಿ ಆರತಿ, ದೀಪಗಳನ್ನು ಯಾರೂ ಪರಕೀಯವೆನ್ನುವುದಿಲ್ಲ. ಜನ ಯಾಜಕರ ಮಾತಿಗೆ ತಮ್ಮ ನುಡಿಯಲ್ಲೇ ಮರುನುಡಿಯುತ್ತಾರೆ.

ನಮ್ಮ ಜಿಲ್ಲೆಗಳ ಮಟ್ಟಿಗೆ ಪೋಪ್ ಜಾನ್ ಅವರ ಇನ್ನೊಂದು ಕೊಡುಗೆ ಇದಕ್ಕಿಂತ ಕಡಿಮೆಯದಲ್ಲ. ಮಹಬೂಬನಗರ, ಗದ್ವಾಲಗಳಲ್ಲಿ ಕ್ರೈಸ್ತ ಸಭೆಗಳನ್ನು ಕಟ್ಟಿದ್ದು ಮುಖ್ಯವಾಗಿ ಅಮೆರಿಕದಿಂದ ಬಂದ ಬ್ಯಾಪ್ಟಿಸ್ಟರು, ಆಮೇಲೆ ಮೆನೊನೈಟ್ ಬ್ರೆದರೆನ್ ಮಿಷನ್ನಿನವರು. ಹೀಗೆ ಕ್ರೈಸ್ತರ ನಡುವೆಯೂ ಕಥೋಲಿಕರು ಅಲ್ಪಸಂಖ್ಯಾತರು. ಒಬ್ಬರ ಚರ್ಚಿಗೆ ಇನ್ನೊಬ್ಬರು ಪ್ರಾರ್ಥನೆಗೆ ಹೋಗುವುದು ತಪ್ಪು ಎಂದು ನಮ್ಮ ಕಡೆಯವರಿಗೆ ಕಲಿಸಿದ್ದ ಕಾಲವೊಂದಿತ್ತು. 1960ರ ಜೂನ್ 5ರಂದು ಪೋಪ್ ಕ್ರೈಸ್ತರ ಐಕ್ಯಕ್ಕಾಗಿ ಕಾರ್ಡಿನಲ್ ಬೇಯ ಅವರ ಕೈಕೆಳಗೆ ಒಂದು ಕಾರ್ಯಾಲಯ ತೆರೆದರು, ಮಹಾಸಭೆಗೆ ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ವೀಕ್ಷಕರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹಳಿಯುತ್ತಿದ್ದ ಶಬ್ದವನ್ನು 1959ರಲ್ಲೇ ತೆಗೆಸಿದ್ದರು. ಬೇರೆ ಧರ್ಮಗಳಲ್ಲಿನ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು 1965ರ ಅಕ್ಟೋಬರ್ 28ರಂದು ಮಹಾಸಭೆ ಘೋಷಿಸಿತು. ಅವರು ಪೋಪ್ ಆಗಿ ಆರಿಸಿಬಂದ ದಿನಕ್ಕೆ ಸರಿಯಾಗಿ ಏಳು ವರ್ಷ. ದರ್ಗಾ, ಮಠ, ಗುಡಿ, ಚರ್ಚುಗಳು ಹತ್ತಿರ ಹತ್ತಿರವೇ ಇರುವ ನಮ್ಮ ಊರುಗಳಲ್ಲಿ ಜನ ಮೊದಲಿನಿಂದಲೂ ನಡೆಸಿಕೊಂಡು ಬಂದದ್ದಕ್ಕೆ ರೋಮಿನ ಒಪ್ಪಿಗೆ ಆಗ ಸಿಕ್ಕಿತು.

2000ದ ಸೆಪ್ಟೆಂಬರ್ 3ರಂದು ಪೋಪ್ 2ನೇ ಜಾನ್ ಪಾಲ್ ಅವರು 23ನೇ ಜಾನ್ ಅವರನ್ನು ಪುನೀತರೆಂದು ಸಾರಿದರು. ಅದಕ್ಕೆ ಆಧಾರವಾದದ್ದು 1966ರಲ್ಲಿ ನೇಪಲ್ಸಿನಲ್ಲಿ ಸಾವಿನ ಅಂಚಿನಲ್ಲಿದ್ದ ಕನ್ಯಾಸ್ತ್ರೀಯೊಬ್ಬರು ಗುಣವಾದ ಪವಾಡ. ಸಂತ ಪದವಿಗೆ ಸಾಮಾನ್ಯವಾಗಿ ಬೇಕಾದ ಎರಡನೆಯ ಪವಾಡವನ್ನು ಪೋಪ್ ಫ್ರಾನ್ಸಿಸ್ ಕೇಳಲಿಲ್ಲ. ಈ ವಿನಾಯಿತಿ ಸರಿಯೇ ಎಂದು ಕೆಲವರು ಪ್ರಶ್ನಿಸಿದ್ದುಂಟು. ಜನರ ಮನಸ್ಸಿನಲ್ಲಿ ಆ ತೀರ್ಪು 1963ರಲ್ಲೇ ಆಗಿತ್ತು ಎಂದಷ್ಟೇ ನಾನು ಹೇಳಬಲ್ಲೆ. 2014ರ ಏಪ್ರಿಲ್ 27ರಂದು 2ನೇ ಜಾನ್ ಪಾಲ್ ಜೊತೆಯಲ್ಲೇ ಅವರೂ ಸಂತರಾದರು. ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಬರುತ್ತದೆ. ಇವರದನ್ನು ಮಹಾಸಭೆ ಆರಂಭವಾದ ಅಕ್ಟೋಬರ್ 11ಕ್ಕೆ ಇಟ್ಟಿದ್ದಾರೆ.

ಅವರು ಸಂತರಾದ ಐದು ವಾರಕ್ಕೆ, ಜೂನ್ 2ರಂದು, ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ನಮ್ಮ ಗೆರೆಗಳು ಇನ್ನೂ ಬದಲಾಗುತ್ತಲೇ ಇವೆ. ಗುಲಬರ್ಗಾ ಬೇರೆಯಾದ ಮೇಲೆ ಹೈದರಾಬಾದ್ ಮಹಾಧರ್ಮಕ್ಷೇತ್ರದಲ್ಲಿ ಕನ್ನಡದ ಪಾಲು ಸಹಜವಾಗಿಯೇ ಕಡಿಮೆಯಾಗಿದೆ, ತೆಲುಗೇ ಪೂಜೆಯ ನುಡಿ. ಅದರ ಬಗ್ಗೆ ತಕರಾರಿಲ್ಲ. ನಾವು ತೆಲುಗಿನಲ್ಲಿಯೂ ಮನಸ್ಸಿಟ್ಟು ಪ್ರಾರ್ಥಿಸುವವರೇ. ಆದರೆ ಕನ್ನಡ ಮನೆಗಳ ಅಜ್ಜ-ಅಜ್ಜಿಯರು ತಾಯಿನುಡಿಯ ಪ್ರಾರ್ಥನೆಯನ್ನು ಮನೆಯೊಳಗಷ್ಟೇ ಇಟ್ಟುಕೊಳ್ಳಬೇಕಾಗಿಲ್ಲ. ಈ ಸಂಚಿಕೆಯನ್ನು ಓದುವ ಧರ್ಮಕೇಂದ್ರಗಳ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಅಕ್ಟೋಬರ್ 11ರಂದು, ಕನ್ನಡ ಕುಟುಂಬಗಳಿರುವ ಕಡೆ, ಶುಭಸಂದೇಶವನ್ನು ತೆಲುಗಿನಲ್ಲಿ ಓದಿದ ಮೇಲೆ ಕನ್ನಡದಲ್ಲಿಯೂ ಓದಿಸಿ, ಭಕ್ತರ ಪ್ರಾರ್ಥನೆಯನ್ನು ಎರಡೂ ನುಡಿಯಲ್ಲಿ ಹೇಳಿಸಿ. ಗಡಿಯಾಚೆ ರಾಯಚೂರು, ಗುಲಬರ್ಗಾ ಕಡೆಯ ತೆಲುಗು ಮನೆಗಳಿಗೂ ಇದೇ ಏರ್ಪಾಡು ಸಿಗಲಿ. ಓದುವವರನ್ನು ಸಿದ್ಧಪಡಿಸುವ ಕೆಲಸಕ್ಕೆ ನಮ್ಮ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗ-ಹುಡುಗಿಯರಿದ್ದಾರೆ. ಅವರನ್ನು ಕರೆಯಿರಿ.